ಪಚ್ಚಕರ್ಪೂರ ಹಾಕಿದ ಸಕ್ಕರೆ ನೀರು

ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಮೊದಲು ಹೇಳುವ ಮಾತು, ದಿನಾ ವಾಕಿಂಗ್ ಮಾಡಿ. ಜನಕಪುರಿಯ ನಮ್ಮ ಡಾಕ್ಟರಮ್ಮನೂ ಹೇಳಿದರು. ನಾನು ಕೈಮುಗಿದೆ. "ಅಮ್ಮಾ, ಪಾರ್ಕಲ್ಲಿ ಬಿಳಿ ಶೂ ಹಾಕ್ಕೊಂಡು ಸುತ್ತೋರೆಲ್ಲ ಒಂದು ದಿನ ನನ್ನ ಅಡುಗೆಮನೆಗೆ ಬರ್ಲಿ. ಮುನ್ನೂರು ಜನಕ್ಕೆ ಪುಳಿಯೋಗರೆ ಕಲಸ್ಲಿ. ಮಧ್ಯಾಹ್ನಕ್ಕೆ ಎಲ್ಲರನ್ನೂ ಸ್ಟ್ರೆಚರ್ ಮೇಲೆ ವಾಪಸ್ ಕಳಿಸ್ತೀನಿ."

ಅವರು ನಗಲಿಲ್ಲ. "ಭಟ್ರೇ, ನನಗೆ ಅದೇ ಹೆದರಿಕೆ. ನೀವಿಬ್ರೂ ಮಾಡೋ ಕೆಲಸ ಜಾಸ್ತಿ, ತಿನ್ನೋ ಹೊತ್ತು ಹೆಚ್ಚುಕಮ್ಮಿ" ಅಂದರು.

ನೀವಿಬ್ಬರು ಅಂದರೆ ನಾನು, ಮತ್ತು ನನ್ನ ಜೊತೆಗಾರ ಆಚಾರ್ರು. ಕರೋಲ್ ಬಾಗಿನಿಂದ ಹಿಡಿದು ಯಮುನೆಯ ಆಚೆಯ ತನಕ ಕನ್ನಡದವರ ಮನೆಯ ಮುಂಜಿ, ಮದುವೆ, ಗೃಹಪ್ರವೇಶ ಏನೇ ಇರಲಿ, ಅಡುಗೆಗೆ ನಾವೇ. ಸಾರು ನನ್ನದು, ಹೂರಣ ಅವರದು. ನನ್ನ ಸಾರಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಸರಿಯಾಗಿ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಅಂಥ ಸಾರು ದೆಹಲಿಯಲ್ಲಿ ಇನ್ನೊಂದಿಲ್ಲ. ಆಚಾರ್ರ ಹೂರಣದ ಬಗ್ಗೆ ಎಲ್ಲರೂ ಹೇಳುತ್ತಿದ್ದರು, ನಾನು ಬಾಯಿ ಬಿಡಬೇಕಾಗಿರಲಿಲ್ಲ. ಕೈಯಲ್ಲಿ ತಕ್ಕಡಿ ಇದ್ದವರ ಹಾಗೆ ಉಂಡೆ ಕಟ್ಟುತ್ತಿದ್ದರು. ಒಂದರ ಪಕ್ಕ ಒಂದು ಇಟ್ಟರೆ ಅಚ್ಚು ಒತ್ತಿದಂತಿರುತ್ತಿತ್ತು.

ನಾನು ಮಾತ್ರೆಯವನು, ಅವರು ಇಂಜೆಕ್ಷನ್ನಿನವರು. ಅವರ ಮನೆ ಘಾಜಿಯಾಬಾದಿನಲ್ಲಿ. ಮೂರು ದಿನದ ಕೆಲಸಕ್ಕೆ ಬ್ಯಾಗ್ ಹಿಡಿದು ಹೊರಟಾಗಲೆಲ್ಲ ಅವರ ಹೆಂಡತಿ ನನಗೆ ಫೋನ್ ಮಾಡಿ, "ಭಟ್ರೇ, ಇವರನ್ನ ನಿಮ್ಮ ಕೈಗೆ ಕೊಟ್ಟಿದೀನಿ" ಅನ್ನುತ್ತಿದ್ದರು. "ಕೊಟ್ಟಿರೋ ಮಾಲು ಹಳೇದು, ಗ್ಯಾರಂಟಿ ಇಲ್ಲ" ಅನ್ನುತ್ತಿದ್ದೆ.

ನನ್ನ ತಮಾಷೆಗಳು ಊರಿಗೆಲ್ಲ ಗೊತ್ತು. ಟೆಂಟ್ ಹಾಕಲು ಬಂದ ಭಯ್ಯಾನ ಮೂಗಿಗೆ ಇಂಗಿನ ಡಬ್ಬಿ ಹಿಡಿದು, ಕನ್ನೌಜಿನ ಅತ್ತರು ಅಂತ ಮೂಸಿಸಿದವನು ನಾನೇ. ಆದರೆ ಆಚಾರ್ರಷ್ಟು ಒಳ್ಳೆಯ ಗಿರಾಕಿ ನನಗೆ ಸಿಗಲಿಲ್ಲ. ಪ್ರತಿ ಸಲ ನಂಬುತ್ತಿದ್ದರು. ಒಮ್ಮೆ ಏಕಾದಶಿ ಇವತ್ತೇ ಅಂತ ನಂಬಿಸಿ ದಶಮಿಯ ದಿನ ಉಪವಾಸ ಕೂರಿಸಿದ್ದೆ. ಸಂಜೆ ನಿಜ ಗೊತ್ತಾಗಿ ಹೊಟ್ಟೆತುಂಬ ಬೈದರು, ಮರುದಿನ ಮತ್ತೆ ಉಪವಾಸ ಮಾಡಿದರು. ಅದು ಅವರಿಗೆ ಸಕ್ಕರೆ ಕಾಣಿಸಿಕೊಳ್ಳುವುದಕ್ಕೆ ಮುಂಚಿನ ಮಾತು.

ಈಗ ಹೇಳುವುದು ಹೋದ ಶ್ರಾವಣದ ಗುರುಗಳ ಆರಾಧನೆಯ ಸಂಗತಿ. ಜನಕಪುರಿಯ ಒಂದು ಸಮುದಾಯ ಭವನದಲ್ಲಿ ಮೂರು ದಿನ. ಹಿಂದುಗಡೆ ತಗಡಿನ ಮಾಡು ಹಾಕಿ ಅಡುಗೆಮನೆ. ಮಡಿ ಅಡುಗೆ ಅಂದರೆ ಬೆಳಕು ಹರಿಯುವ ಮುಂಚೆ ಸ್ನಾನ, ಒದ್ದೆ ಪಂಚೆ, ಆಮೇಲೆ ಒಲೆ. ನೀರು ನಾವೇ ಹಿಡಿದು ಹೊರಬೇಕು, ರುಬ್ಬುವುದು ಕಲ್ಲಿನಲ್ಲೇ. ಗುರುಗಳಿಗೆ ನೈವೇದ್ಯ ಆಗುವ ತನಕ ಅಡುಗೆಯವರ ಬಾಯಿಗೆ ಏನೂ ಹೋಗುವ ಹಾಗಿಲ್ಲ. ತಿಂದವನು ಮಾಡಿದ ಅಡುಗೆ ನೈವೇದ್ಯಕ್ಕೆ ಆಗುವುದಿಲ್ಲ. ಆಚಾರ್ರಂತೂ ಮನೆಯಲ್ಲಿದ್ದರೂ ಪೂಜೆಗೆ ಮುಂಚೆ ತಿನ್ನುವವರಲ್ಲ.

ನಾನು ಡಾಕ್ಟರಮ್ಮನನ್ನು ಕೇಳಿಯೇ ಇಂಥ ದಿನಗಳಲ್ಲಿ ಬೆಳಗಿನ ಮಾತ್ರೆಯನ್ನು ಊಟದ ಹೊತ್ತಿಗೆ ತಳ್ಳಿಕೊಂಡಿದ್ದೆ. ಆಚಾರ್ರಿಗೂ ಅವರು, ಮಡಿ ದಿನ ಇಂಜೆಕ್ಷನ್ ಊಟಕ್ಕೆ ಸ್ವಲ್ಪ ಮುಂಚೆ ತಗೊಳ್ಳಿ ಅಂತಲೇ ಹೇಳಿದ್ದರು. ಆದರೆ ಮಡಿಯಲ್ಲಿರುವವರು ಸೂಜಿ ಮುಟ್ಟುವುದು ಹೇಗೆ? ರಕ್ತದ ಚುಕ್ಕೆ ಬಂದರೆ? ಅದಕ್ಕೆ ಇವರು ತಮ್ಮದೇ ದಾರಿ ಮಾಡಿಕೊಂಡಿದ್ದರು. ಸ್ನಾನಕ್ಕೆ ಮುಂಚೆಯೇ ಚುಚ್ಚಿಕೊಂಡು, ಖಾಲಿ ಹೊಟ್ಟೆಯಲ್ಲಿ ಮಧ್ಯಾಹ್ನದ ತನಕ ದುಡಿಯುವುದು. ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ತಿನ್ನಬೇಕಾದ ಔಷಧಿ ಅದು. ಮೈಮುರಿದು ಕೆಲಸ ಮಾಡಿದರೆ ಸಕ್ಕರೆ ಇನ್ನೂ ಬೇಗ ಇಳಿಯುತ್ತದೆ. ಆದರೂ ಆ ಬೇಸಿಗೆಯಿಡೀ ಎಷ್ಟೋ ಕಡೆ ಹೀಗೆ ಮಾಡಿದರೂ ಅವರಿಗೆ ತಲೆ ಕೂಡ ಸುತ್ತಲಿಲ್ಲ.

"ನೋಡಿದ್ರಾ? ಗುರುಗಳು ನೋಡ್ಕೋತಾರೆ" ಅನ್ನುತ್ತಿದ್ದರು.

ನೋಡಿಕೊಳ್ಳುತ್ತಿದ್ದದ್ದು ಗುರುಗಳಲ್ಲ ಅಂತ ಮೊದಲ ದಿನ ಮಧ್ಯಾಹ್ನ ಗೊತ್ತಾಯಿತು. ಊಟ ಮುಗಿದು ಪಾತ್ರೆ ಬೋರಲು ಹಾಕಿದ ಮೇಲೆ ಆಚಾರ್ರು ಕಂಬಕ್ಕೆ ಒರಗಿ ಚೊಂಬು ಚೊಂಬು ನೀರು ಕುಡಿಯುತ್ತಿದ್ದರು. ಮತ್ತೆ ಮತ್ತೆ ಎದ್ದು ಹೋಗುತ್ತಿದ್ದರು. ಕಾಲಿನ ಹೆಬ್ಬೆರಳ ಪಕ್ಕದ ಗಾಯ ಮಾಯದೆ ಕೂತಿತ್ತು. ಮಷೀನಿನಲ್ಲಿ ನೋಡಿದರೆ ಮುನ್ನೂರರ ಮೇಲೆ.

"ಇಂಜೆಕ್ಷನ್ ತಗೋತಿದೀರೋ ಇಲ್ವೋ?"

"ತಗೋತಿದೀನಿ ಮಾರಾಯ್ರೇ. ಇಳೀತಿಲ್ಲ ಅಂತ ಎರಡು ತಿಂಗಳಿಂದ ನಾನೇ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿದೀನಿ."

"ಎಲ್ಲಿ, ಬಾಟ್ಲಿ ತೋರಿಸಿ."

ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ್ದ ಬಟ್ಟೆಚೀಲದಿಂದ ತೆಗೆದುಕೊಟ್ಟರು. ಆ ಚೀಲ ಎಲ್ಲ ಕಡೆಯೂ ಒಲೆಯ ಪಕ್ಕದಲ್ಲೇ ನೇತಾಡುತ್ತಿತ್ತು, ಕಣ್ಣೆದುರಿಗಿರಲಿ ಅಂತ. ಅವರ ಔಷಧಿ ಬೆಳ್ಳಗೆ, ಅಂಗೈಯಲ್ಲಿ ಉರುಳಿಸಿದರೆ ಹಾಲಿನ ಹಾಗೆ ಒಂದೇ ಸಮ ಆಗಬೇಕು. ಇದನ್ನು ಎಷ್ಟು ಉರುಳಿಸಿದರೂ ಗಾಜಿಗೆ ಚೂರುಚೂರು ಅಂಟಿಕೊಂಡೇ ಇತ್ತು. ನಾನು ಡಾಕ್ಟರಲ್ಲ. ಆದರೆ ಒಡೆದ ಹಾಲನ್ನು ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರು?

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಎಸೀರಿ ಅದನ್ನ. ಬಿಸಿಗೆ ಸತ್ತುಹೋಗಿದೆ. ಅದಕ್ಕೇ ಅವರು ಉಪವಾಸ ಇದ್ರೂ ಬಚಾವಾಗಿದ್ದು, ಗೊತ್ತಾಯ್ತಾ? ನೀರು ಚುಚ್ಕೊಂಡ ಹಾಗೆ. ಹೊಸದು ತನ್ನಿ, ಹಳೇ ಡೋಸಿಗೇ ವಾಪಸ್ ಹೋಗಿ. ನಾಳೆ ಬೆಳಿಗ್ಗೆ ಮಾತ್ರ ಚುಚ್ಕೊಳ್ಳಲೇಬಾರದು. ಊಟದ ಎಲೆ ಹಾಕೋ ಹೊತ್ತಿಗೆ ಚುಚ್ಕೊಳ್ಳಲಿ. ಭಟ್ರೇ, ಇದು ತಮಾಷೆ ಅಲ್ಲ."

ಸಂಜೆ ಮಾರ್ಕೆಟ್ಟಿಗೆ ಹೋಗಿ ನಾನೇ ಹೊಸ ಬಾಟಲಿ ತಂದೆ. ದಾರಿಯಲ್ಲಿ ಬಿಸಿ ತಾಗದ ಹಾಗೆ ಐಸ್ ಫ್ಲಾಸ್ಕಿನಲ್ಲಿ ಇಟ್ಟುಕೊಂಡು, ಐಸ್ ನೇರ ತಗಲದ ಹಾಗೆ ಬಟ್ಟೆ ಸುತ್ತಿ. ಒಲೆಯಿಂದ ದೂರ, ಮಡಕೆಯ ಒದ್ದೆ ಮರಳಿನಲ್ಲಿ ಹೂತಿಟ್ಟೆ. ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಆಚಾರ್ರು "ಸರಿ" ಅಂದರು. ಅವರ "ಸರಿ"ಯಲ್ಲಿ ಬಾಗಿಲು ಹಾಕಿಕೊಂಡ ಸದ್ದು ಇರುತ್ತದೆ. ನನಗೆ ಅದು ಕೇಳಿಸಬೇಕಿತ್ತು.

ಮರುದಿನ ಮಧ್ಯಾರಾಧನೆ, ಹೋಳಿಗೆಯ ದಿನ. ಆಚಾರ್ರು ಬೆಳಗಿನ ಜಾವ ಎದ್ದು, ಹೊಸ ಬಾಟಲಿಯಿಂದ, ಹೆಚ್ಚಿಸಿಕೊಂಡಿದ್ದ ಡೋಸನ್ನೇ ಚುಚ್ಚಿಕೊಂಡು ಸ್ನಾನಕ್ಕೆ ಹೋಗಿದ್ದರು. ಹೋಳಿಗೆ ಊಟ ಅಲ್ಲವೇ, ಇರಲಿ ಅಂತ. ನನಗೆ ಇದು ಗೊತ್ತಾದದ್ದು ಆಮೇಲೆ.

ಅಂಗಳದ ನಲ್ಲಿಯಿಂದ ಕೊಡ ಹೊತ್ತರು. ಬೇಳೆ ಬೇಯಿಸಿದರು. ಬೆಲ್ಲ ಹಾಕಿ ಗೊಟಾಯಿಸಿ, ಆರಿಸಿ, ಒರಳಿನ ಮುಂದೆ ಕೂತರು. ರುಬ್ಬುತ್ತಾ ಸ್ತೋತ್ರ ಹೇಳುವುದು ಅವರ ಪದ್ಧತಿ. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅನ್ನಿಸಿತು, ಇದೇ ಸಾಲನ್ನು ಆಗಲೂ ಹೇಳಿದರಲ್ಲ. ಮತ್ತೆ ಅದೇ ಸಾಲು. ಮತ್ತೆ. ಮುಂದಿನ ಸಾಲಿಗೆ ಹೋಗುತ್ತಲೇ ಇಲ್ಲ.

ತಿರುಗಿ ನೋಡಿದೆ. ಬೆವರುತ್ತಿದ್ದರು. ಆದರೆ ದೆಹಲಿಯ ಆಗಸ್ಟಿನಲ್ಲಿ, ತಗಡಿನ ಕೆಳಗೆ, ನಾಲ್ಕು ಒಲೆಯ ನಡುವೆ ಯಾರು ಬೆವರುವುದಿಲ್ಲ? ಎದೆ ಝಲ್ಲೆಂದದ್ದು ಬೆವರು ನೋಡಿ ಅಲ್ಲ, ತಟ್ಟೆಯಲ್ಲಿದ್ದ ಉಂಡೆಗಳನ್ನು ನೋಡಿ. ಒಂದು ನಿಂಬೆಹಣ್ಣಿನಷ್ಟು, ಒಂದು ಕಿತ್ತಳೆಯಷ್ಟು, ಒಂದು ಮುದ್ದೆಯಾಗಿ ತಟ್ಟೆಗೆ ಮೆತ್ತಿಕೊಂಡಿತ್ತು.

"ಆಚಾರ್ರೇ, ಬೆಳಿಗ್ಗೆ ಚುಚ್ಕೊಂಡ್ರಾ?"

"ಹೂಂ... ಏನೀಗ?" ಗದರಿದರು. ಅವರು ಗದರುವ ಮನುಷ್ಯರಲ್ಲ. ಕೈ ನಡುಗುತ್ತಿತ್ತು.

"ಒಂದು ತುಂಡು ಬೆಲ್ಲ ಬಾಯಿಗೆ ಹಾಕ್ಕೊಳ್ಳಿ. ಈಗ್ಲೇ."

"ಗುರುಗಳಿಗಾಗದೆ ನನ್ನ ಬಾಯಿಗಾ? ಏನು ಮಾತಾಡ್ತೀರಿ ನೀವು? ಹೋಗಿ, ಹೋಗಿ ನಿಮ್ಮ ಸಾರು ನೋಡ್ಕೊಳ್ಳಿ."

ಸುತ್ತಲೂ ನೋಡಿದೆ. ಬೆಲ್ಲದ ಅಚ್ಚುಗಳು, ಸಕ್ಕರೆಯ ಚೀಲ, ಕೊಪ್ಪರಿಗೆ ತುಂಬ ಪಾಯಸ. ಅವರ ಜೀವ ಉಳಿಸುವ ವಸ್ತು ಆ ಮಾಡಿನಲ್ಲಿ ಮೂಟೆಗಟ್ಟಲೆ ಇತ್ತು, ಒಂದು ಚಮಚ ಅವರ ಬಾಯಿಗೆ ಹೋಗುವ ಹಾಗಿರಲಿಲ್ಲ.

ನೈವೇದ್ಯ ಬೇಗ ಆಗಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಭವನದೊಳಗೆ ಓಡಿದೆ. ಅರ್ಚಕರು ಕೈಯಲ್ಲಿ ಗಂಟೆ ಹಿಡಿದು ಸುಮ್ಮನೆ ಕೂತಿದ್ದರು. ಆರಾಧನಾ ಸಮಿತಿಯ ಸೆಕ್ರೆಟರಿ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದರು. ಯಾವುದೋ ಸಚಿವಾಲಯದ ದೊಡ್ಡ ಅಧಿಕಾರಿ ಬರಬೇಕಿತ್ತು, ಅವರ ಕೈಯಿಂದ ಮಂಗಳಾರತಿ.

"ಸಾರ್, ನೈವೇದ್ಯ ಮಾಡಿಸಿಬಿಡಿ. ಆಚಾರ್ರಿಗೆ ಸಕ್ಕರೆ ಇಳೀತಿದೆ."

ಸೆಕ್ರೆಟರಿ ನನ್ನ ಮುಖ ನೋಡಿ ನಕ್ಕರು. "ಭಟ್ರೇ, ಹೋದ ವರ್ಷ ಗ್ಯಾಸ್ ಲೀಕ್ ಅಂತ ನನ್ನನ್ನ ಬರಿಗಾಲಲ್ಲಿ ರಸ್ತೆಗೆ ಓಡಿಸಿದ್ರಿ. ಈ ಸಲ ಬೇರೇದು ಹುಡುಕಿ. ಹತ್ತೇ ನಿಮಿಷ, ಸಾಹೇಬ್ರು ಧೌಲಾ ಕುವಾ ದಾಟಿದಾರೆ."

ಧೌಲಾ ಕುವಾ ದಾಟಿದವರು ಹತ್ತು ನಿಮಿಷಕ್ಕೆ ಜನಕಪುರಿ ತಲುಪುವುದು ಸ್ವಂತ ವಿಮಾನ ಇದ್ದರೆ ಮಾತ್ರ. ಅಲ್ಲಿ ನಿಂತು ಜಗಳ ಆಡುವಷ್ಟು ಹೊತ್ತು ನನ್ನ ಹತ್ತಿರ ಇರಲಿಲ್ಲ.

ಓಡಿ ಬಂದೆ. ಆಚಾರ್ರು ಒರಳಿಗೆ ಹಣೆ ಆನಿಸಿ ಕೂತಿದ್ದರು. ಕರೆದರೆ ಕಣ್ಣು ತೆರೆದರು, ನನ್ನನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಇನ್ನು ಸ್ವಲ್ಪದರಲ್ಲಿ ನುಂಗಲಾರದ ಸ್ಥಿತಿಗೆ ಹೋಗಿಬಿಡುತ್ತಾರೆ. ಆಮೇಲೆ ಬಾಯಿಗೆ ಏನು ಹಾಕಿದರೂ ಅಪಾಯ.

ಬಲವಂತ ಮಾಡಿದರೆ ಹಲ್ಲು ಕಚ್ಚುತ್ತಾರೆ. ಬೇಡಿಕೊಂಡರೆ ಗದರುತ್ತಾರೆ. ಒಂದೇ ಒಂದು ವಿದ್ಯೆ ನನಗೆ ಬರುತ್ತಿತ್ತು, ಅವರನ್ನು ನಂಬಿಸುವುದು.

ಬೆಳಗಿನ ನಿರ್ಮಾಲ್ಯ ತೀರ್ಥವನ್ನು, ಅಂದರೆ ಮೊದಲ ಅಭಿಷೇಕದ ನೀರನ್ನು, ಉಪವಾಸದವರೂ ತೆಗೆದುಕೊಳ್ಳಬಹುದು, ಮಡಿಗೆ ಭಂಗವಿಲ್ಲ. ತಾಮ್ರದ ಪಂಚಪಾತ್ರೆ ತೆಗೆದುಕೊಂಡೆ. ಬೆಲ್ಲ ಹಾಕಿದರೆ ಬಣ್ಣ ಬರುತ್ತದೆ, ಅದಕ್ಕೆ ಸಕ್ಕರೆ. ಕೈತುಂಬ ಹಾಕಿ ಮಡಿನೀರಿನಲ್ಲಿ ಕರಗಿಸಿದೆ. ಎರಡು ದಳ ತುಳಸಿ. ವಾಸನೆಗೆ ಒಂದು ಚಿಟಿಕೆ ಪಚ್ಚಕರ್ಪೂರ. ಅಳತೆ ತಪ್ಪಲಿಲ್ಲ, ಅದನ್ನು ಹೇಳಿಕೊಳ್ಳಲೇಬೇಕು.

"ಆಚಾರ್ರೇ, ಅರ್ಚಕರು ನಿರ್ಮಾಲ್ಯ ತೀರ್ಥ ಕಳಿಸಿದಾರೆ. ನಿಮಗೆ ಅಂತ ಹೇಳಿ."

ಕೂಡಲೇ ಬಲಗೈ ಬೆರಳು ಮಡಿಚಿ, ಅಂಗೈ ಗುಳಿಯಾಗುವಂತೆ ಗೋಕರ್ಣ ಮಾಡಿ ಚಾಚಿದರು. ತಾವೆಲ್ಲಿದ್ದೇವೆ ಅಂತ ಗೊತ್ತಿಲ್ಲದಿದ್ದರೂ ಕೈಗೆ ಅದು ಗೊತ್ತಿತ್ತು. ಉದ್ಧರಣೆಯ ಚಮಚದಲ್ಲಿ ಮೂರು ಸಲ ಹಾಕಿದೆ, ಕುಡಿದರು.

"ಸಿಹಿ..."

"ಗುರುಗಳ ತೀರ್ಥ ಸಿಹಿ ಇಲ್ದೆ ಖಾರ ಇರುತ್ತಾ? ಇವತ್ತು ವಿಶೇಷ, ಪೂರ್ತಿ ತಗೋಬೇಕಂತೆ."

ಪಾತ್ರೆಯನ್ನೇ ತುಟಿಗೆ ಹಿಡಿದೆ. ಮಗುವಿನ ಹಾಗೆ ಕುಡಿದರು. ಗಂಟಲು ಏರಿ ಇಳಿಯುವುದನ್ನೇ ನೋಡುತ್ತಾ ಕೂತೆ. ನನ್ನ ಸಾರು ಉಕ್ಕಿ ಒಲೆಯ ಮೇಲೆ ಸುರಿಯಿತು, ನಾನು ಏಳಲಿಲ್ಲ. ಕಾಲು ಗಂಟೆ ಕಾಯಬೇಕು ಅಂತ ಡಾಕ್ಟರಮ್ಮ ಯಾವಾಗಲೋ ಹೇಳಿಕೊಟ್ಟಿದ್ದರು. ಊಟ ಇನ್ನೂ ದೂರವಿದ್ದದ್ದರಿಂದ ಇನ್ನೊಂದು ಪಾತ್ರೆ ಕಲಸಿ, ಅದನ್ನೂ ಅರ್ಚಕರ ಹೆಸರಿನಲ್ಲೇ ಕುಡಿಸಿದೆ. ನಿಧಾನಕ್ಕೆ ಕಣ್ಣಿಗೆ ಬೆಳಕು ಬಂತು. ತಟ್ಟೆಯ ಉಂಡೆಗಳನ್ನು ನೋಡಿ, "ಅಯ್ಯೋ, ಇದೇನಿದು, ಯಾರು ಮಾಡಿದ್ದು?" ಅಂದರು. ಎಲ್ಲವನ್ನೂ ಕಲಸಿ ಮತ್ತೆ ಕಟ್ಟಿದರು. ಒಂದೇ ಅಳತೆ.

ಸಾಹೇಬರು ಬಂದರು, ನೈವೇದ್ಯವಾಯಿತು, ಮುನ್ನೂರು ಎಲೆ ಎದ್ದವು. ನನ್ನ ಬದುಕಿನ ಎಲ್ಲಕ್ಕಿಂತ ದೊಡ್ಡ ತಮಾಷೆ ಗೆದ್ದಿತ್ತು, ಆದರೆ ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳದೇ ಇದ್ದುಬಿಡುವುದು ಅಂತಲೇ ನಿರ್ಧರಿಸಿದ್ದೆ.

ಆದರೆ ಆಚಾರ್ರು ಸುಮ್ಮನಿರಲಿಲ್ಲ. ಊಟದ ಪಂಕ್ತಿಯಲ್ಲೇ ಶುರು ಮಾಡಿದರು. ಪ್ರಾಣ ಹೋಗುತ್ತಿತ್ತು, ನಿರ್ಮಾಲ್ಯ ತೀರ್ಥ ಒಂದೇ ಕುಡಿದದ್ದು, ಗುರುಗಳು ಕೈಹಿಡಿದು ಎಬ್ಬಿಸಿದರು. ಸೆಕ್ರೆಟರಿ ಅದನ್ನು ಮೈಕಿನಲ್ಲಿ ಹೇಳಿದರು. ಹೆಂಗಸರು ಬಂದು ಆಚಾರ್ರ ಕಾಲಿಗೆ ನಮಸ್ಕಾರ ಮಾಡಿದರು. ಅರ್ಚಕರು ತಾವು ತೀರ್ಥ ಕಳಿಸಿದ್ದು ನೆನಪಿಲ್ಲದೆ ಹುಬ್ಬು ಗಂಟಿಕ್ಕಿದರು, ಆದರೆ ಇಲ್ಲ ಅನ್ನಲಿಲ್ಲ.

ಸಂಜೆ ಆಚಾರ್ರು ನನ್ನ ಪಕ್ಕ ಬಂದು ಕೂತರು. ಮುಖದಲ್ಲಿ ನಾನು ಎಂದೂ ನೋಡದ ಹೊಳಪು.

"ನಾಳೆ ನಿರ್ಜಲ ಉಪವಾಸ ಮಾಡ್ತೀನಿ. ಬೆಳಿಗ್ಗೆ ಭವನದ ಸುತ್ತ ಹೆಜ್ಜೆ ನಮಸ್ಕಾರ. ಆಮೇಲೆ ಅಡುಗೆ."

ಹೆಜ್ಜೆ ನಮಸ್ಕಾರ ಅಂದರೆ ಪ್ರತಿ ಹೆಜ್ಜೆಗೂ ಪೂರ್ತಿ ಮಲಗಿ, ಎದ್ದು, ಮತ್ತೆ ಮಲಗುವುದು. ಹುಡುಗರಿಗೇ ಏದುಸಿರು ಬರುತ್ತದೆ.

"ಹಾಗಾದ್ರೆ ನಾಳೆ ಇಂಜೆಕ್ಷನ್ ಬೇಡ" ಅಂದೆ.

"ಯಾಕೆ ಬೇಡ? ಬಿಟ್ರೆ ನಂಬಿಕೆ ಇಲ್ಲ ಅಂದಹಾಗೆ. ತಗೋತೀನಿ. ಇವತ್ತು ಉಳಿಸಿದವರು ನಾಳೆ ಉಳಿಸಲ್ವಾ? ಇನ್ಮೇಲೆ ನನಗೆ ಆ ಹೆದರಿಕೆ ಇಲ್ಲ ಭಟ್ರೇ. ಎಷ್ಟು ವರ್ಷದಿಂದ ಹೆದರಿದ್ದೆ ಗೊತ್ತಾ?"

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಹೇಳಿದರು, "ಹೇಗಾದ್ರೂ ತಡೀರಿ. ಚುಚ್ಕೊಂಡು, ಉಪವಾಸ ಇದ್ದು, ಅಷ್ಟು ಕೆಲಸ ಮಾಡಿದ್ರೆ ಈ ಸಲ ಎಬ್ಬಿಸಕ್ಕೆ ಆಗಲ್ಲ."

ಬಾಟಲಿ ಬಚ್ಚಿಡಬಹುದಿತ್ತು. ಇನ್ನೊಂದು ಸುಳ್ಳು ಹೊಲಿಯಬಹುದಿತ್ತು, ನನ್ನ ಹತ್ತಿರ ಸುಳ್ಳಿಗೆ ಬರವಿಲ್ಲ. ಆದರೆ ನಾಳೆ ಒಂದು ದಿನ ತಡೆದರೆ ನಾಡಿದ್ದು? ಮುಂದಿನ ಏಕಾದಶಿ? ನಾನಿಲ್ಲದ ಅಡುಗೆಮನೆಯಲ್ಲಿ? ಆ ತೀರ್ಥವನ್ನು ನಂಬಿರುವ ತನಕ ಅವರು ಒಂದಲ್ಲ ಒಂದು ದಿನ ಸಾಯುತ್ತಾರೆ. ಕೊಂದದ್ದು ನನ್ನ ಸಕ್ಕರೆ ನೀರು ಅಂತಾಗುತ್ತದೆ.

ಅಂಗಳದ ನಲ್ಲಿಯ ಹತ್ತಿರ ಕೊಪ್ಪರಿಗೆ ಉಜ್ಜುತ್ತಿದ್ದರು. ಎದುರಿಗೆ ಕೂತು ಹೇಳಿದೆ. ಸುತ್ತುಬಳಸದೆ, ಪಂಚಪಾತ್ರೆಯಿಂದ ಹಿಡಿದು ಎರಡನೇ ಪಾತ್ರೆಯ ತನಕ. ಅವರು ಮೊದಲು ನಕ್ಕರು, ನನ್ನ ಎಂದಿನ ಆಟ ಅಂದುಕೊಂಡು. ಆಮೇಲೆ ನನ್ನ ಮುಖ ನೋಡಿದರು. ಉಜ್ಜುತ್ತಿದ್ದ ಕೈ ನಿಂತಿತು.

"ಆಮೇಲೆ ನಾನು ಹೋಳಿಗೆ ತಟ್ಟಿದೆ."

"ಹೌದು."

"ಹೊಟ್ಟೆಗೆ ತಗೊಂಡು, ಅದೇ ಕೈಯಲ್ಲಿ ತಟ್ಟಿದೆ. ಗುರುಗಳಿಗೆ ಅದೇ ನೈವೇದ್ಯ ಆಯ್ತು."

"ಅದೇ ಆಯ್ತು."

ನಲ್ಲಿಯ ನೀರು ಕೊಪ್ಪರಿಗೆ ತುಂಬಿ ಹರಿಯುತ್ತಿತ್ತು. ಇಬ್ಬರೂ ನಿಲ್ಲಿಸಲಿಲ್ಲ.

"ತುಳಸಿ ಹಾಕಿದ್ರಾ?"

"ಹಾಕಿದ್ದೆ."

"ಪಚ್ಚಕರ್ಪೂರ?"

"ಅದೂ."

"ಎಲ್ಲಾ ಸರಿಯಾಗಿ ಮಾಡಿದೀರಿ" ಅಂದರು.

ಬೈಯಲಿಲ್ಲ. ಏಕಾದಶಿಯ ದಿನ ಬೈದದ್ದರಲ್ಲಿ ಕಾಲುಭಾಗ ಬೈದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. "ಸತ್ತುಹೋಗ್ತಿದ್ರಿ ಆಚಾರ್ರೇ" ಅಂದೆ. "ಗೊತ್ತು" ಅಂದರು. ಕೈ ತೊಳೆದು, ಒಳಗೆ ಹೋಗಿ ಬ್ಯಾಗ್ ತಂದರು. ಮರಳಿನಿಂದ ಬಾಟಲಿ ತೆಗೆದು ಫ್ಲಾಸ್ಕಿಗೆ ಹಾಕಿಕೊಟ್ಟೆ. ತಗೊಂಡರು. ಮೆಟ್ರೋ ಸ್ಟೇಷನ್ನಿನ ತನಕ ಹಿಂದೆ ಹಿಂದೆ ನಡೆದೆ. ಎಸ್ಕಲೇಟರ್ ಮೇಲೆ ನಿಂತು ಅವರು ತಿರುಗಿ ನೋಡಲಿಲ್ಲ.

ಮೂರನೇ ದಿನದ ಅಡುಗೆ ಒಬ್ಬನೇ ಮಾಡಿದೆ. ಎಲ್ಲರೂ ಕೇಳಿದ್ದು ಒಂದೇ, ತೀರ್ಥದ ಆಚಾರ್ರು ಎಲ್ಲಿ, ನಮಸ್ಕಾರ ಮಾಡಬೇಕಿತ್ತು. ಜ್ವರ ಅಂದೆ. ನೈವೇದ್ಯದ ವಿಷಯ ನಾನು ಯಾರಿಗೂ ಬಾಯಿಬಿಡಲಿಲ್ಲ, ಅವರೂ ಬಿಟ್ಟಿಲ್ಲ.

ಅವರು ಮತ್ತೆ ಮಡಿ ಅಡುಗೆಗೆ ಬರಲಿಲ್ಲ. ಯಾವ ಅಡುಗೆಗೂ ಬರಲಿಲ್ಲ. ಮನೆಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರಂತೆ, ಏನು ಅಂತ ಹೆಂಡತಿ ಹೇಳಲಿಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಟೆರೇಸಿನ ಮೇಲೆ ನಡೆಯುತ್ತಾರಂತೆ, ಡಾಕ್ಟರಮ್ಮ ಹೇಳಿದ ಹಾಗೆ, ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಂಡು. ಕಾಲಿನ ಗಾಯ ಮಾಯುತ್ತಿದೆಯಂತೆ. ಹೂರಣಕ್ಕೆ ನಾನು ಈಗ ಬೇರೆ ಒಬ್ಬರನ್ನು ಕರೆಯುತ್ತೇನೆ. ಅವರ ಉಂಡೆಗಳು ಒಂದರ ಹಾಗೆ ಇನ್ನೊಂದಿಲ್ಲ. ನೋಡಿದಾಗಲೆಲ್ಲ ತಿರುಗಿ ಅವರ ಮುಖ ನೋಡುತ್ತೇನೆ.

ದಿನಾ ಬೆಳಿಗ್ಗೆ ಘಾಜಿಯಾಬಾದಿಗೆ ಫೋನ್ ಮಾಡುತ್ತೇನೆ. ಹೆಂಡತಿ ಎತ್ತಿ ಅವರ ಕೈಗೆ ಕೊಡುತ್ತಾರೆ. ಅವರು ಮಷೀನಿನ ಅಂಕಿ ಹೇಳುತ್ತಾರೆ, ನೂರಾ ನಲವತ್ತು, ನೂರಾ ಇಪ್ಪತ್ತೈದು. ಅಷ್ಟೇ, ಇಟ್ಟುಬಿಡುತ್ತಾರೆ. ನಾನು ಪ್ರತಿ ಸಲ ಏನಾದರೂ ತಮಾಷೆ ಸಿದ್ಧ ಮಾಡಿಕೊಂಡಿರುತ್ತೇನೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲೈನ್ ಇರುವುದಿಲ್ಲ.

ಮೊನ್ನೆ ಇಡಲಿಲ್ಲ. ಅಂಕಿ ಹೇಳಿದ ಮೇಲೂ ಲೈನಿನಲ್ಲೇ ಇದ್ದರು. ನನಗೆ ಆಸೆ ಹುಟ್ಟಿತು. "ಆಚಾರ್ರೇ?" ಅಂದೆ.

"ತಿಂಡಿ ಆಯ್ತು" ಅಂದರು. "ಪೂಜೆ ಇನ್ನೂ ಆಗಿಲ್ಲ."

ಆಮೇಲೆ ಫೋನ್ ಇಟ್ಟರು.